ಈ ಲೋಟವನ್ನು ಮುಟ್ಟಿದವರು ಎಷ್ಟು ಮಂದಿ?

(ವಿಜಯಪುರದಲ್ಲಿ ಕಾನೂನು ಮತ್ತು ವಿಜ್ಞಾನದ ವಿದ್ಯಾರ್ಥಿಗಳ ಎದುರು ಮಾಡಿದ ಉಪನ್ಯಾಸ. ಧ್ವನಿಮುದ್ರಣದಿಂದ ಬರೆದುಕೊಂಡು ತಿದ್ದಿದ್ದು.)

ಈ ಮೇಜಿನ ಮೇಲೆ ಒಂದು ಗಾಜಿನ ಲೋಟ ಇಟ್ಟಿದ್ದಾರೆ. ಬಂದು ಕೂತಾಗಿನಿಂದ ಎರಡು ಸಲ ಎತ್ತಿ ನೀರು ಕುಡಿದಿದ್ದೇನೆ. ಹೀಗೆ ಬೆಳಕಿಗೆ ಹಿಡಿದರೆ ಮುಂದಿನ ಸಾಲಿನವರಿಗೆ ನನ್ನ ಬೆರಳಿನ ಗುರುತು ಮಸುಕಾಗಿ ಕಾಣುತ್ತಿರಬೇಕು. ಇವತ್ತು ರಾತ್ರಿ ಈ ಸಭಾಂಗಣದ ಮೈಕ್ ಸೆಟ್ ಕಳುವಾಯಿತು ಅಂತ ಇಟ್ಟುಕೊಳ್ಳಿ. ನಾಳೆ ಪೊಲೀಸರು ಬಂದು ಈ ಲೋಟ ಒಯ್ಯುತ್ತಾರೆ. ಅದರ ಮೇಲೆ ಯಾರು ಸಿಗುತ್ತಾರೆ? ನಾನಂತೂ ಸಿಗುತ್ತೇನೆ. ನನ್ನ ಜತೆ ಇನ್ನೂ ಯಾರ್ಯಾರು ಸಿಗುತ್ತಾರೆ ಎನ್ನುವುದೇ ಇವತ್ತಿನ ವಿಷಯ. ಲೋಟ ಇಲ್ಲೇ ಇರಲಿ, ಮತ್ತೆ ಮತ್ತೆ ಬೇಕಾಗುತ್ತದೆ.

ಮೊದಲು ಒಂದು ಶಬ್ದದ ಗೊಂದಲ ಬಿಡಿಸಿಕೊಳ್ಳೋಣ. ಕನ್ನಡದಲ್ಲಿ ಬೆರಳಚ್ಚು ಅಂದರೆ ಟೈಪಿಂಗೂ ಹೌದು, ಬೆರಳಿನ ಗುರುತೂ ಹೌದು. ನನಗೆ ಹೆಣ್ಣು ನೋಡುವ ಕಾಲದಲ್ಲಿ, ಬೆರಳಚ್ಚಿಗೆ ಸಂಬಂಧಪಟ್ಟ ಕೆಲಸ ಅಂತ ಹೇಳಿದ್ದಕ್ಕೆ ಹಿರಿಯರೊಬ್ಬರು, ಟೈಪಿಂಗ್ ಪರೀಕ್ಷೆ ಎಂದುಕೊಂಡು, ‘ಜೂನಿಯರ್ ಆಗೇತೋ, ಸೀನಿಯರೂ ಆಗೇತೋ?’ ಅಂತ ಕೇಳಿದ್ದರು. ಎರಡೂ ಆಗಿಲ್ಲ ಅಂದೆ. ಅವರ ಮುಖ ಸಣ್ಣದಾಯಿತು. ಇದು ಮೊದಲನೆಯ ಗೊಂದಲ. ಎರಡನೆಯದು ವಿಜ್ಞಾನಿಗಳೇ ಮಾಡಿಟ್ಟದ್ದು. 1984ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದಲ್ಲಿ ಅಲೆಕ್ ಜೆಫ್ರಿಸ್ ಒಂದು ಎಕ್ಸ್‌ರೇ ಫಿಲಂ ತೊಳೆದು ನೋಡಿದರು. ಒಬ್ಬೊಬ್ಬರ ಡಿಎನ್‌ಎ ಒಂದೊಂದು ಬಗೆಯ ಪಟ್ಟಿಗಳಾಗಿ ಮೂಡಿತ್ತು. ಅದಕ್ಕೆ ‘ಡಿಎನ್‌ಎ ಬೆರಳಚ್ಚು’ ಎಂಬ ಹೆಸರು ನಿಂತಿತು. ಅದಕ್ಕೂ ಬೆರಳಿಗೂ ಏನೇನೂ ಸಂಬಂಧ ಇಲ್ಲ. ಬೆರಳಿನ ಗುರುತಿನಂತೆ ಅದೂ ಆಳಿನಿಂದ ಆಳಿಗೆ ಬೇರೆ ಎಂಬ ಹೋಲಿಕೆಗಾಗಿ ಇಟ್ಟ ಹೆಸರು ಅದು. ಆಗ ಬೇಕಾಗುತ್ತಿದ್ದುದು ರಕ್ತದ ಕಲೆ, ವೀರ್ಯದ ಕಲೆ. ಬೆರಳು ಮುಟ್ಟಿ ಬಿಟ್ಟ ಗುರುತಿನಿಂದ ಡಿಎನ್‌ಎ ತೆಗೆಯಬಹುದು ಎಂದು ಆಗ ಹೇಳಿದ್ದರೆ ಯಾರೂ ಒಪ್ಪುತ್ತಿರಲಿಲ್ಲ.

ಹಾಗೆ ತೆಗೆಯಬಹುದು ಎಂದು 1997ರ ಜೂನ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದೇ ಪುಟದ ಬರಹ ಬಂತು. ಬರೆದವರು ಆಸ್ಟ್ರೇಲಿಯಾದ ಮೆಲ್ಬೋರ್ನ್‌ನ ರೋಲಂಡ್ ವಾನ್ ಊರ್ಸ್ಕಾಟ್ ಮತ್ತು ಮ್ಯಾಕ್ಸ್‌ವೆಲ್ ಜೋನ್ಸ್. ಬ್ರೀಫ್‌ಕೇಸಿನ ಹಿಡಿ, ಪೆನ್ನು, ಕಾರಿನ ಕೀಲಿ, ಟೆಲಿಫೋನ್ ರಿಸೀವರ್, ಹೀಗೆ ದಿನಾ ಕೈಗೆ ಬರುವ ಸಾಮಾನುಗಳನ್ನು ಒರೆಸಿ, ಮುಟ್ಟಿದವರ ಡಿಎನ್‌ಎ ಗುರುತಿಸಿದ್ದರು. ಲೋಕವೆಲ್ಲ ಈ ಅರ್ಧವನ್ನು ಹಿಡಿದುಕೊಂಡು ಕುಣಿಯಿತು. ಆದರೆ ಅದೇ ಪುಟದಲ್ಲಿ ಇನ್ನೆರಡು ಮಾತಿದ್ದವು. ಒಂದು, ಹೆಚ್ಚು ಗಟ್ಟಿಯಾಗಿ ಕಾಣುವ ಡಿಎನ್‌ಎ ಕಟ್ಟಕಡೆಗೆ ಮುಟ್ಟಿದವನದ್ದೇ ಆಗಿರಬೇಕೆಂದಿಲ್ಲ. ಎರಡು, ಮುಟ್ಟದವನದ್ದೂ ಸಿಗಬಹುದು. ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ, ಅಲ್ಲಿಂದ ವಸ್ತುವಿಗೆ ದಾಟಬಹುದು. ಈ ಇನ್ನರ್ಧ ನ್ಯಾಯಾಲಯಗಳ ತನಕ ಬರಲು ಬಹಳ ವರ್ಷ ಬೇಕಾಯಿತು.

ಈಗ ಲೋಟಕ್ಕೆ ಬರೋಣ. ಇದರ ಮೇಲಿನ ಗುರುತು ಅಂದರೆ ಏನು? ಬೆರಳಿನ ತುದಿಯ ಚರ್ಮದಲ್ಲಿ ಏರು ತಗ್ಗಿನ ಗೆರೆಗಳಿವೆ, ಹೊಲದ ಸಾಲಿನಂತೆ. ಆ ಏರಿನ ತಲೆಯ ಮೇಲೆ ಸಣ್ಣ ಸಣ್ಣ ಬೆವರಿನ ರಂಧ್ರಗಳು. ಒಳಗೈಯಲ್ಲಿ ಎಣ್ಣೆ ಗ್ರಂಥಿಗಳು ಇಲ್ಲ. ಇಲ್ಲಿರುವ ಜಿಡ್ಡು ನಾನು ಹಣೆ ಒರೆಸಿಕೊಂಡಾಗ, ತಲೆ ಸವರಿಕೊಂಡಾಗ ಬೆರಳಿಗೆ ಹತ್ತಿದ್ದು. ಬೆವರಿನಲ್ಲಿ ಬಹುಪಾಲು ನೀರು, ಸ್ವಲ್ಪ ಉಪ್ಪು, ಸ್ವಲ್ಪ ಅಮಿನೊ ಆಮ್ಲ. ಇವುಗಳ ಜತೆಗೆ ಉದುರಿದ ಚರ್ಮದ ಕೋಶಗಳು.

ಇಲ್ಲಿ ಒಂದು ತೊಡಕಿದೆ. ಚರ್ಮದ ಮೇಲ್ಪದರದ ಕೋಶಗಳು ಸತ್ತ ಕೋಶಗಳು. ಅವು ಒಳಗಿನಿಂದ ಮೇಲಕ್ಕೆ ಬರುತ್ತಾ ಬರುತ್ತಾ ತಮ್ಮ ಕೋಶಕೇಂದ್ರವನ್ನೇ ಕಳೆದುಕೊಂಡಿರುತ್ತವೆ. ಡಿಎನ್‌ಎ ಇರುವುದು ಕೋಶಕೇಂದ್ರದಲ್ಲಿ. ಅಂದರೆ ಉದುರಿದ್ದರಲ್ಲಿ ಹೆಚ್ಚಿನವು ಖಾಲಿ ಕಾಯಿ. ಒಳಗೆ ಕಾಳಿಲ್ಲ. ಹಾಗಾದರೆ ಡಿಎನ್‌ಎ ಬರುವುದು ಎಲ್ಲಿಂದ? ಪೂರ್ತಿ ಖಾಲಿಯಾಗದ ಕೆಲವು ಕೋಶಗಳಿಂದ, ಬೆವರಿನಲ್ಲಿ ತೇಲಿಬರುವ ಬಿಡಿ ಡಿಎನ್‌ಎ ತುಣುಕುಗಳಿಂದ, ಮತ್ತೆ ಬಾಯಿ, ಮೂಗು, ಕಣ್ಣು ಮುಟ್ಟಿಕೊಂಡಾಗ ಬೆರಳಿಗೆ ಹತ್ತಿದ್ದರಿಂದ. ಮನುಷ್ಯ ದಿನಕ್ಕೆ ಎಷ್ಟು ಸಲ ಮುಖ ಮುಟ್ಟಿಕೊಳ್ಳುತ್ತಾನೆ ಎಂದು ನೀವೇ ಎಣಿಸಿ ನೋಡಿ. ಈಗಲೇ ಈ ಸಾಲಿನಲ್ಲಿ ಮೂರು ಮಂದಿ ಗಲ್ಲಕ್ಕೆ ಕೈಹಚ್ಚಿ ಕೂತಿದ್ದೀರಿ.

ಸ್ವಲ್ಪ ಲೆಕ್ಕ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಮನುಷ್ಯನ ಒಂದು ಕೋಶದಲ್ಲಿರುವ ಡಿಎನ್‌ಎ ಸುಮಾರು 6.6 ಪಿಕೊಗ್ರಾಂ. ಒಂದು ಗ್ರಾಂನ ಲಕ್ಷ ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಒಂದು ಪಿಕೊಗ್ರಾಂ. ಸಾವಿರ ಪಿಕೊಗ್ರಾಂ ಸೇರಿದರೆ ಒಂದು ನ್ಯಾನೊಗ್ರಾಂ. ಪ್ರಯೋಗಾಲಯದ ಕಿಟ್‌ಗಳು ನೆಮ್ಮದಿಯಿಂದ ಕೆಲಸ ಮಾಡಲು ಅರ್ಧದಿಂದ ಒಂದು ನ್ಯಾನೊಗ್ರಾಂ ಬೇಕು, ಅಂದರೆ ಹೆಚ್ಚೆಂದರೆ ನೂರೈವತ್ತು ಕೋಶ. ಒಂದು ಹನಿ ರಕ್ತದಲ್ಲಿ ಎರಡು ಮೂರು ಲಕ್ಷ ಬಿಳಿ ರಕ್ತಕಣಗಳಿರುತ್ತವೆ. ಕೆಂಪು ಕಣಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅವುಗಳಲ್ಲೂ ಕೋಶಕೇಂದ್ರ ಇಲ್ಲ. ರಕ್ತ ಸಿಕ್ಕರೆ ನಾವು ಶ್ರೀಮಂತರು. ಬೆರಳ ಗುರುತಿನಲ್ಲಿ ಕೆಲವೊಮ್ಮೆ ನೂರು ಕೋಶ, ಕೆಲವೊಮ್ಮೆ ಹತ್ತು, ಕೆಲವೊಮ್ಮೆ ಏನೂ ಇಲ್ಲ. ಕೈ ತೊಳೆದು ಎಷ್ಟು ಹೊತ್ತಾಯಿತು, ವಸ್ತು ನುಣುಪೋ ಒರಟೋ, ಎಷ್ಟು ಬಿಗಿಯಾಗಿ ಹಿಡಿದಿದ್ದ ಎಂಬುದರ ಮೇಲೆಲ್ಲ ಇದು ನಿಂತಿದೆ. ಮನುಷ್ಯರಲ್ಲೂ ಕೆಲವರು ಹೆಚ್ಚು ಬಿಟ್ಟುಹೋಗುವವರು, ಕೆಲವರು ಜಿಪುಣರು. ಅದೇ ಮನುಷ್ಯ ಇವತ್ತು ಒಂದು ಥರ, ನಾಳೆ ಇನ್ನೊಂದು ಥರ.

ಸಿಕ್ಕಷ್ಟನ್ನು ದೊಡ್ಡದು ಮಾಡುವ ವಿಧಾನಕ್ಕೆ ಪಿಸಿಆರ್ ಅಂತ ಹೆಸರು. ಕೊರೊನಾ ಬಂದ ಮೇಲೆ ಈ ಮೂರಕ್ಷರವನ್ನು ನಿಮಗೆ ಪರಿಚಯಿಸುವ ಅಗತ್ಯ ಉಳಿದಿಲ್ಲ. ಒಂದನ್ನು ಎರಡು, ಎರಡನ್ನು ನಾಲ್ಕು ಮಾಡುತ್ತಾ ಹೋಗುವುದು. ಚದುರಂಗದ ಮನೆಗೊಂದರಂತೆ ಕಾಳು ದುಪ್ಪಟ್ಟು ಮಾಡಿದ ಕಥೆ ನಿಮ್ಮ ಅಜ್ಜಿ ಹೇಳಿರುತ್ತಾಳೆ, ಅದೇ ಲೆಕ್ಕ. 28 ಸುತ್ತು ತಿರುಗಿಸಿದರೆ ಒಂದು ತುಣುಕು 26 ಕೋಟಿಗೂ ಮೀರಿದ ನಕಲುಗಳಾಗುತ್ತದೆ. ಡಿಎನ್‌ಎಯ ಕೆಲವು ಜಾಗಗಳಲ್ಲಿ ನಾಲ್ಕಕ್ಷರದ ಒಂದು ಪದ ಮತ್ತೆ ಮತ್ತೆ ಬರುತ್ತದೆ, ಕೋಲಾಟದ ಪಲ್ಲವಿಯಂತೆ. ಒಬ್ಬರಲ್ಲಿ ಹದಿನಾಲ್ಕು ಸಲ, ಇನ್ನೊಬ್ಬರಲ್ಲಿ ಹದಿನೇಳು ಸಲ. ಪ್ರತಿ ಜಾಗಕ್ಕೂ ತಾಯಿಯಿಂದ ಒಂದು ಸಂಖ್ಯೆ, ತಂದೆಯಿಂದ ಒಂದು. ಇಪ್ಪತ್ತಕ್ಕೂ ಹೆಚ್ಚು ಜಾಗಗಳಲ್ಲಿ ಎಣಿಸಿದರೆ ಆ ಸಂಖ್ಯೆಗಳ ಸಾಲು ಇನ್ನೊಬ್ಬರೊಂದಿಗೆ ಪೂರ್ತಿ ಹೊಂದುವ ಸಂಭವ ಬಹಳ ಬಹಳ ಕಡಿಮೆ. ಅವಳಿಗಳಲ್ಲಿ ಒಂದೇ ರೂಪದವರನ್ನು ಬಿಟ್ಟು. ಅವರ ಈ ಸಾಲು ಒಂದೇ. ಆದರೆ ಅವರ ಬೆರಳ ಗೆರೆಗಳು ಬೇರೆ ಬೇರೆ! ತಾಯಿಯ ಹೊಟ್ಟೆಯಲ್ಲಿ ಗೆರೆ ಮೂಡುವಾಗ ಆಗುವ ಒತ್ತಡ, ಚಲನೆ ಇಬ್ಬರಿಗೂ ಒಂದೇ ಆಗಿರುವುದಿಲ್ಲ. ಆದ್ದರಿಂದ ಬೆರಳಚ್ಚು ಹಳೆಯದಾಯಿತು, ಡಿಎನ್‌ಎ ಬಂತು ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ವಿಜಯಪುರದವರಿಗೆ ಇದನ್ನು ವಿವರಿಸುವುದು ಸುಲಭ, ಯಾಕೆಂದರೆ ನಿಮ್ಮೂರಲ್ಲೇ ಇಂಥದೊಂದು ಯಂತ್ರ ಇದೆ. ಗೋಳಗುಮ್ಮಟದ ಮೇಲಿನ ಪಿಸುಮಾತಿನ ಗ್ಯಾಲರಿ. ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಎದುರು ಬದಿಯಲ್ಲಿ ಕಿವಿಯಿಟ್ಟವನಿಗೆ ಸ್ಪಷ್ಟವಾಗಿ ಕೇಳುತ್ತದೆ. ಚಪ್ಪಾಳೆ ತಟ್ಟಿದರೆ ಏಳೆಂಟು ಸಲ ಮರುದನಿ. ಬೆಳಿಗ್ಗೆ ಆರಕ್ಕೆ ಹೋದವರಿಗೆ ಇದರ ಸುಖ ಗೊತ್ತು. ಹನ್ನೊಂದಕ್ಕೆ ಹೋಗಿ ನೋಡಿ, ಎರಡು ಶಾಲೆಯ ಪ್ರವಾಸದ ಮಕ್ಕಳು ಬಂದಿರುತ್ತಾರೆ. ಕೂಗು, ಸಿಳ್ಳೆ, ಚಪ್ಪಲಿ ಸದ್ದು, ಎಲ್ಲವನ್ನೂ ಗುಮ್ಮಟ ಅಷ್ಟೇ ನಿಷ್ಠೆಯಿಂದ ದೊಡ್ಡದು ಮಾಡುತ್ತದೆ. ಗುಮ್ಮಟಕ್ಕೆ ನಿಮ್ಮ ಪಿಸುಮಾತು ಬೇರೆ, ಪಕ್ಕದವನ ಕೆಮ್ಮು ಬೇರೆ ಎಂಬ ಭೇದ ಇಲ್ಲ. ಪಿಸಿಆರ್‌ಗೂ ಇಲ್ಲ.

ಹತ್ತು ಕೋಶದಿಂದ ಕೆಲಸ ಮಾಡಬೇಕಾದಾಗ ಏನೇನಾಗುತ್ತದೆ ನೋಡಿ. ಒಂದು ಜಾಗದಲ್ಲಿ 14 ಮತ್ತು 17 ಬರಬೇಕಾದವನಲ್ಲಿ 14 ಮಾತ್ರ ಬರುತ್ತದೆ, 17 ಬಿದ್ದುಹೋಗುತ್ತದೆ. ಎಲ್ಲಿಂದಲೋ ಹಾರಿಬಂದ ಒಂದು ಕೋಶದ 12 ಸೇರಿಕೊಳ್ಳುತ್ತದೆ. ಮೂರು ಜನರದ್ದು ಕಲಸಿದ್ದರೆ ಯಾವ ಸಂಖ್ಯೆ ಯಾರದ್ದು ಎಂದು ಬಿಡಿಸುವುದು ಬಹಳ ಕಷ್ಟ. ಈಗ ಅದಕ್ಕೆ ಸಂಭವನೀಯತೆಯ ಲೆಕ್ಕ ಮಾಡುವ ಸಾಫ್ಟ್‌ವೇರ್‌ಗಳಿವೆ. ಬ್ರಿಟನ್‌ನಲ್ಲಿ 1999ರಿಂದ ಸುತ್ತುಗಳನ್ನು 34ಕ್ಕೆ ಏರಿಸುವ ಪದ್ಧತಿ ಬಂತು. 34 ಅಂದರೆ ಒಂದು ತುಣುಕಿಗೆ 1,700 ಕೋಟಿ ನಕಲು. 1998ರ ಆಗಸ್ಟಿನಲ್ಲಿ ಉತ್ತರ ಐರ್ಲೆಂಡಿನ ಒಮಾ ಪಟ್ಟಣದಲ್ಲಿ ಬಾಂಬ್ ಸಿಡಿದು 29 ಜನ ಸತ್ತಿದ್ದರು. ಆ ಮೊಕದ್ದಮೆಯಲ್ಲಿ ಈ ಪದ್ಧತಿಯ ಸಾಕ್ಷ್ಯವೂ ಮುಂದೆ ಬಂತು. 2007ರ ಡಿಸೆಂಬರಿನಲ್ಲಿ ನ್ಯಾಯಾಧೀಶರು ಆರೋಪಿಯನ್ನು ಬಿಡುಗಡೆ ಮಾಡಿದರು. ಸಾಕ್ಷ್ಯವಸ್ತುಗಳನ್ನು ಎತ್ತಿದ, ಕಟ್ಟಿದ, ಇಟ್ಟುಕೊಂಡ ರೀತಿಯನ್ನು ಅವರು ಟೀಕಿಸಿದ್ದಕ್ಕೆ ಲೆಕ್ಕವಿಲ್ಲ. ವಿಜ್ಞಾನ ಎಷ್ಟು ಸೂಕ್ಷ್ಮವಾಯಿತೋ, ಚೀಲ ಕಟ್ಟುವವನ ಕೈ ಅಷ್ಟೇ ಸೂಕ್ಷ್ಮವಾಗಬೇಕು. ಅದು ಆಗಿರಲಿಲ್ಲ.

ಇನ್ನು ಸಾಕ್ಷ್ಯ ಎತ್ತುವ ನನ್ನಂಥವರು ಅಪರಾಧ ನಡೆದ ಸ್ಥಳದಲ್ಲೇ ತಲೆ ಕೆಡಿಸಿಕೊಳ್ಳುವ ಪ್ರಶ್ನೆ. ಲೋಟದ ಮೇಲೆ ಗುರುತು ಇದೆ. ಮೊದಲು ಗೆರೆ ಉಳಿಸಬೇಕೋ, ಡಿಎನ್‌ಎ ತೆಗೆಯಬೇಕೋ? ಒದ್ದೆ ಹತ್ತಿಯಿಂದ ಒರೆಸಿದರೆ ಡಿಎನ್‌ಎ ಬರಬಹುದು, ಗೆರೆ ಹೋಯಿತು. ಪುಡಿ ಉದುರಿಸಿ ಬ್ರಷ್ ಆಡಿಸಿದರೆ ಗೆರೆ ಏಳುತ್ತದೆ, ಆದರೆ ಆ ಬ್ರಷ್ ನಿನ್ನೆ ಎಲ್ಲಿತ್ತು?

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಗೆರೆ ಸ್ಪಷ್ಟವಾಗಿದ್ದರೆ ಗೆರೆಯೇ ಮೊದಲು. ಫೋಟೊ ತೆಗೆಯಿರಿ, ಎಬ್ಬಿಸಿ, ಮತ್ತೆ ಫೋಟೊ ತೆಗೆಯಿರಿ. ಒಳ್ಳೆಯ ಗೆರೆ ‘ಈ ಬೆರಳು ಇಲ್ಲಿ ತಾಗಿತ್ತು’ ಎಂದು ಹೇಳುತ್ತದೆ. ಡಿಎನ್‌ಎ ಆ ಮಾತನ್ನು ಹೇಳಲಾರದು. ಗೆರೆ ಹೊಸಕಿಹೋಗಿದ್ದರೆ, ಬೆರಳು ಜಾರಿ ಬರೀ ಬರೆ ಎಳೆದಂತಿದ್ದರೆ, ಆ ಕೆಟ್ಟ ಗುರುತೇ ನಮ್ಮ ಪಾಲಿನ ಬಂಗಾರ. ಬೆರಳಚ್ಚು ವಿಭಾಗದವರು ಕೆಲಸಕ್ಕೆ ಬಾರದು ಎಂದು ಬಿಟ್ಟದ್ದನ್ನು ನಾವು ಒರೆಸಿಕೊಳ್ಳುತ್ತೇವೆ. ಜಾರಿದ ಬೆರಳು ಉಜ್ಜಿರುತ್ತದೆ, ಉಜ್ಜಿದಲ್ಲಿ ಹೆಚ್ಚು ಉಳಿಯುವ ಸಾಧ್ಯತೆ ಇದೆ. ವಸ್ತುಗಳಲ್ಲೂ ಇಂಥದೇ ಹಂಚಿಕೆ. ಗಾಜು ಗೆರೆಯನ್ನು ಚೆನ್ನಾಗಿ ಉಳಿಸುತ್ತದೆ, ಕೋಶಗಳನ್ನು ಹಿಡಿದಿಡುವುದಿಲ್ಲ. ಹಗ್ಗ, ಕುಡುಗೋಲಿನ ಕಟ್ಟಿಗೆ ಹಿಡಿ, ಅಂಗಿಯ ಕಾಲರು ಗೆರೆ ಕೊಡುವುದಿಲ್ಲ, ಕೋಶ ಕೊಡುತ್ತವೆ. ಹಿತ್ತಾಳೆ ತಂಬಿಗೆ ಸಿಕ್ಕರೆ ನನಗೆ ಆಗುತ್ತಿದ್ದದ್ದು ಬೇಸರವೇ. ತಾಮ್ರದ ಅಂಶ ಡಿಎನ್‌ಎಯನ್ನು ಹಾಳುಮಾಡುತ್ತದೆ, ಪಿಸಿಆರ್‌ಗೂ ಅಡ್ಡ ಬರುತ್ತದೆ. ಗುಂಡು ಹಾರಿದ ಹಿತ್ತಾಳೆ ತೋಟಾಗಳಲ್ಲಿ ಡಿಎನ್‌ಎ ಸಿಗುವುದು ಕಷ್ಟವಾಗಿರುವುದಕ್ಕೆ ಇದೂ ಒಂದು ಕಾರಣ.

ಎರಡನ್ನೂ ಉಳಿಸಿಕೊಳ್ಳುವ ದಾರಿಗಳೂ ಇವೆ. ಫೆವಿಕ್ವಿಕ್ ಗೊತ್ತಲ್ಲ, ಅದರೊಳಗಿನ ಸಯನೊಆಕ್ರಿಲೇಟನ್ನು ಮುಚ್ಚಿದ ಪೆಟ್ಟಿಗೆಯಲ್ಲಿ ಆವಿ ಮಾಡಿದರೆ ಗೆರೆಗಳ ಮೇಲೆ ಬೆಳ್ಳಗೆ ಗಟ್ಟಿಯಾಗಿ ಕೂರುತ್ತದೆ. ಅದಾದ ಮೇಲೂ ಡಿಎನ್‌ಎ ತೆಗೆಯಬಹುದು. ಕಾಗದದ ಮೇಲಿನ ಗುರುತಿಗೆ ನಿನ್‌ಹೈಡ್ರಿನ್ ಬಳಸುತ್ತೇವೆ, ಅಮಿನೊ ಆಮ್ಲ ಇದ್ದಲ್ಲಿ ನೇರಳೆ ಬಣ್ಣ ಬರುತ್ತದೆ. ಅದೂ ಡಿಎನ್‌ಎಯನ್ನು ಪೂರ್ತಿ ಕೆಡಿಸುವುದಿಲ್ಲ. ಆದರೆ ಅತಿನೇರಳೆ ದೀಪ ಹಿಡಿದು ಹುಡುಕುತ್ತಾ ಬಹಳ ಹೊತ್ತು ನಿಂತರೆ ಡಿಎನ್‌ಎ ಒಡೆಯುತ್ತದೆ. ಇತ್ತೀಚೆಗೆ ಅಡಿಲೇಡ್‌ನ ಫ್ಲಿಂಡರ್ಸ್ ವಿಶ್ವವಿದ್ಯಾಲಯದವರು ಡಿಎನ್‌ಎಗೆ ಅಂಟಿಕೊಂಡು ಹೊಳೆಯುವ ಬಣ್ಣವೊಂದನ್ನು ಬೆರಳ ಗುರುತಿನ ಮೇಲೆ ಹಾಕಿ, ಕೋಶ ಎಲ್ಲಿದೆ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಿ, ಅಲ್ಲಿ ಮಾತ್ರ ಒರೆಸುವ ವಿಧಾನ ತೋರಿಸಿದ್ದಾರೆ. ನನ್ನ ಕಾಲದಲ್ಲಿ ಇದಿದ್ದರೆ ಎಷ್ಟು ಖಾಲಿ ಹತ್ತಿ ಕಳಿಸುವುದು ತಪ್ಪುತ್ತಿತ್ತು!

ಒರೆಸುವುದಕ್ಕೂ ಒಂದು ಕ್ರಮ ಇದೆ. ಶುದ್ಧ ನೀರಿನ ಒಂದೆರಡು ಹನಿ ಹಾಕಿದ ಹತ್ತಿಕಡ್ಡಿಯನ್ನು ಉರುಳಿಸುತ್ತಾ ಒರೆಸಬೇಕು. ಕೂಡಲೇ ಒಣ ಕಡ್ಡಿಯಿಂದ ಅದೇ ಜಾಗವನ್ನು ಇನ್ನೊಮ್ಮೆ. ಮೊದಲನೆಯದು ನೆನೆಸಿ ಸಡಿಲ ಮಾಡಿದ್ದನ್ನು ಎರಡನೆಯದು ಹೀರಿಕೊಳ್ಳುತ್ತದೆ. ಆಮೇಲೆ ಒಣಗಿಸಬೇಕು, ಕಾಗದದ ಲಕೋಟೆಗೆ ಹಾಕಬೇಕು. ಪ್ಲಾಸ್ಟಿಕ್ ಚೀಲಕ್ಕೆ ಹಸಿಯಾಗಿ ತುಂಬಿದರೆ ಎರಡು ದಿನದಲ್ಲಿ ಬೂಷ್ಟು ಬರುತ್ತದೆ, ಬೂಷ್ಟು ಡಿಎನ್‌ಎ ತಿನ್ನುತ್ತದೆ. ನಾನು ಕಣ್ಣಾರೆ ಕಂಡದ್ದು: ಮೇ ತಿಂಗಳ ಬಿಸಿಲು, ಜೀಪಿನ ಹಿಂದಿನ ಸೀಟು, ಅದರ ಮೇಲೆ ಗಂಟು ಕಟ್ಟಿದ ಪಾರದರ್ಶಕ ಚೀಲ, ಚೀಲದ ಒಳಮೈಗೆ ಬೆವರಿನಂತೆ ನೀರ ಹನಿ. ಯಾವ ಠಾಣೆ ಎಂದು ಕೇಳಬೇಡಿ. ಅದನ್ನು ತಂದ ಹುಡುಗ ರಾತ್ರಿಯಿಡೀ ನಿದ್ದೆಗೆಟ್ಟು ಕಾವಲು ಕಾದಿದ್ದ, ಬೈಯಲು ಮನಸ್ಸಾಗಲಿಲ್ಲ. ಅವನಿಗೆ ಹೇಳಿಕೊಟ್ಟವರು ಯಾರೂ ಇರಲಿಲ್ಲ.

ಈಗ ಶಾಲಿನ ವಿಷಯ. ನಗಬೇಡಿ. ಸಭೆ ಶುರುವಾಗುವ ಮೊದಲು ನನಗೆ ಒಂದು ಶಾಲು ಹೊದಿಸಿದಿರಿ, ಹಾರ ಹಾಕಿದಿರಿ. ನಮ್ಮ ಕಡೆ ಶಾಲಿನ ಬಾಳು ನಿಮಗೆ ಗೊತ್ತೇ ಇದೆ. ಇವತ್ತು ನನಗೆ ಹೊದಿಸಿದ್ದು ಬೀರುವಿಗೆ ಹೋಗುತ್ತದೆ, ನಾಲ್ಕು ತಿಂಗಳ ಮೇಲೆ ಬಾಗಲಕೋಟೆಯಲ್ಲಿ ಯಾರದೋ ಮನೆ ಪ್ರವೇಶದಲ್ಲಿ ಇನ್ನೊಬ್ಬರ ಹೆಗಲೇರುತ್ತದೆ. ಅವರೂ ಅದನ್ನು ಬಿಚ್ಚದೆ ಇಟ್ಟು, ಬೆಳಗಾವಿಯ ಸಮಾರಂಭಕ್ಕೆ ಒಯ್ಯುತ್ತಾರೆ. ಮೂರನೆಯ ಆಸಾಮಿಯ ಹೆಗಲ ಮೇಲೆ ನಾನಿರುತ್ತೇನೆ, ಇವತ್ತು ಹೊದಿಸಿದ ಪ್ರಾಂಶುಪಾಲರಿರುತ್ತಾರೆ, ಅಂಗಡಿಯಲ್ಲಿ ಮಡಚಿದ ಹುಡುಗನೂ ಇರಬಹುದು. ನಾನು ಬೆಳಗಾವಿಗೆ ಹೋಗಿಯೇ ಇಲ್ಲ! ವಿಜ್ಞಾನದಲ್ಲಿ ಇದಕ್ಕೆ ಎರಡನೆಯ ವರ್ಗಾವಣೆ, ಮೂರನೆಯ ವರ್ಗಾವಣೆ ಅಂತ ಹೆಸರು. ನಮ್ಮ ಹೆಂಗಸರು ಇದನ್ನು ಬಹಳ ಹಿಂದೆಯೇ ಪತ್ತೆ ಮಾಡಿದ್ದಾರೆ, ‘ಈ ಶಾಲು ನಾವೇ ಕೊಟ್ಟದ್ದಲ್ಲೇನು?’ ಅಂತ.

ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಒಂದು ಪ್ರಯೋಗ ಮಾಡಿದ್ದರು, 2016ರಲ್ಲಿ ಪ್ರಕಟವಾಯಿತು. ಇಬ್ಬಿಬ್ಬರು ಎರಡು ನಿಮಿಷ ಕೈ ಕುಲುಕಬೇಕು, ನಂತರ ಒಬ್ಬೊಬ್ಬರೂ ಒಂದು ಚಾಕು ಹಿಡಿಯಬೇಕು. ನೂರಕ್ಕೆ 85 ಮಾದರಿಗಳಲ್ಲಿ ಚಾಕುವಿನ ಮೇಲೆ ಅದನ್ನು ಮುಟ್ಟದವನ ಡಿಎನ್‌ಎ ಇತ್ತು. ಐದರಲ್ಲಿ ಒಂದರಷ್ಟು ಕಡೆ ಮುಟ್ಟದವನದೇ ಮುಖ್ಯ, ಇಲ್ಲವೇ ಅವನದೊಂದೇ. ಎರಡು ನಿಮಿಷ ಕೈ ಕುಲುಕುವವರು ಯಾರು ಅಂತೀರಿ? ನಮ್ಮಲ್ಲಿ ಎದುರಾಳಿ ಪಕ್ಷದವರು ಫೋಟೊಕ್ಕೆ ನಿಂತಾಗ ಬಿಟ್ಟರೆ ಇನ್ಯಾರೂ ಇಲ್ಲ. ಪ್ರಯೋಗ ವಿಪರೀತದ್ದೇ ಹೌದು. ಆದರೂ ದಾಟುತ್ತದೆ ಎಂಬುದಕ್ಕೆ ಅದು ಸಾಕು.

ಪ್ರಯೋಗದ ಹೊರಗೂ ದಾಟಿದೆ. 2012ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಬ್ಬ ಉದ್ಯಮಿಯ ಕೊಲೆಯಾಯಿತು. ಅವನ ಉಗುರಿನಲ್ಲಿ ಸಿಕ್ಕ ಡಿಎನ್‌ಎ ಮನೆಮಠವಿಲ್ಲದ ಒಬ್ಬನಿಗೆ ಹೊಂದಿತು. ಅವನನ್ನು ಹಿಡಿದರು. ತಾನು ಮಾಡಿದೆನೋ ಇಲ್ಲವೋ ಎಂದು ಅವನಿಗೇ ನೆನಪಿಲ್ಲ, ಅಷ್ಟು ಕುಡಿದಿದ್ದ. ಆ ರಾತ್ರಿ ಅವನು ಆಸ್ಪತ್ರೆಯ ಹಾಸಿಗೆಯಲ್ಲಿದ್ದ ಎಂದು ದಾಖಲೆ ಹುಡುಕಿ ತೆಗೆಯುವಷ್ಟರಲ್ಲಿ ಐದು ತಿಂಗಳ ಹತ್ತಿರ ಜೈಲಿನಲ್ಲಿ ಕಳೆದಿತ್ತು. ಡಿಎನ್‌ಎ ತಪ್ಪಾಗಿರಲಿಲ್ಲ, ಅದು ಅವನದ್ದೇ. ಆ ಸಂಜೆ ಅವನನ್ನು ಆಸ್ಪತ್ರೆಗೆ ಒಯ್ದ ಆಂಬುಲೆನ್ಸ್ ಸಿಬ್ಬಂದಿಯೇ ಕೆಲವು ಗಂಟೆಗಳ ನಂತರ ಕೊಲೆಯ ಮನೆಗೂ ಹೋಗಿದ್ದರು. ಬೆರಳಿಗೆ ಸಿಕ್ಕಿಸಿ ಆಮ್ಲಜನಕ ಅಳೆಯುವ ಆ ಚಿಮಟವನ್ನು ಇಬ್ಬರಿಗೂ ಹಾಕಿದ್ದರು. ಅದರ ಮೂಲಕವೇ ದಾಟಿರಬೇಕು ಎಂದು ತೀರ್ಮಾನವಾಯಿತು. ಕೊರೊನಾ ಕಾಲದಲ್ಲಿ ನಮ್ಮ ಓಣಿಗೆಲ್ಲ ಒಂದೇ ಆಕ್ಸಿಮೀಟರ್ ಇತ್ತು, ನೆನಪಿದೆಯೇ?

ಇದಕ್ಕಿಂತ ದೊಡ್ಡ ಕಥೆ ಜರ್ಮನಿಯದು. 2007ರಲ್ಲಿ ಹೈಲ್‌ಬ್ರಾನ್ ಪಟ್ಟಣದಲ್ಲಿ ಒಬ್ಬ ಮಹಿಳಾ ಪೊಲೀಸ್ ಅಧಿಕಾರಿಯನ್ನು ಗುಂಡಿಟ್ಟು ಕೊಂದರು. ಕಾರಿನಲ್ಲಿ ಒಬ್ಬ ಹೆಂಗಸಿನ ಡಿಎನ್‌ಎ ಸಿಕ್ಕಿತು. ಹುಡುಕಿದರೆ ಅದೇ ಹೆಂಗಸು 1993ರ ಒಂದು ಕೊಲೆಯಲ್ಲಿದ್ದಾಳೆ, 2001ರ ಇನ್ನೊಂದರಲ್ಲಿದ್ದಾಳೆ, ಕಳ್ಳತನಗಳಲ್ಲಿದ್ದಾಳೆ, ಆಸ್ಟ್ರಿಯಾದಲ್ಲಿದ್ದಾಳೆ, ಫ್ರಾನ್ಸಿನಲ್ಲಿದ್ದಾಳೆ. ಸುಮಾರು ನಲವತ್ತು ಸ್ಥಳಗಳು. ಒಬ್ಬರೂ ಅವಳ ಮುಖ ಕಂಡಿಲ್ಲ. ಸುಳಿವು ಕೊಟ್ಟವರಿಗೆ ಮೂರು ಲಕ್ಷ ಯೂರೊ ಬಹುಮಾನ. ಪತ್ರಿಕೆಗಳು ಅವಳಿಗೆ ಮುಖವಿಲ್ಲದ ಹೆಂಗಸು ಅಂತ ಹೆಸರಿಟ್ಟವು. ಗುಟ್ಟು ರಟ್ಟಾದದ್ದು ಎಲ್ಲಿ ಅಂದರೆ ಒಂದು ಬೆರಳಚ್ಚಿನಲ್ಲಿ! ಸುಟ್ಟುಹೋದ ಶವವೊಂದರ ಗುರುತು ಹಿಡಿಯಲು, ಆಶ್ರಯ ಕೋರಿ ಬಂದಿದ್ದ ಒಬ್ಬ ಗಂಡಸಿನ ಹಳೆಯ ಅರ್ಜಿಯ ಮೇಲಿದ್ದ ಬೆರಳಚ್ಚಿನಿಂದ 2009ರಲ್ಲಿ ಡಿಎನ್‌ಎ ತೆಗೆದರು. ಗಂಡಸಿನ ಬೆರಳಚ್ಚಿನಲ್ಲಿ ಅದೇ ಹೆಂಗಸು ಕೂತಿದ್ದಳು. ಬೇರೆ ಹತ್ತಿಕಡ್ಡಿ ತಂದು ಮತ್ತೆ ಒರೆಸಿದರು, ಹೆಂಗಸು ಮಾಯ. ಕಡ್ಡಿಗಳನ್ನು ತಯಾರಿಸುವ ಕಡೆ ಕೆಲಸ ಮಾಡುತ್ತಿದ್ದ ಒಬ್ಬ ಹೆಣ್ಣುಮಗಳ ಡಿಎನ್‌ಎ ಅದು. ಪಾಪ, ಅವಳು ಕೊಂದದ್ದಿಲ್ಲ, ಕದ್ದದ್ದಿಲ್ಲ, ಹತ್ತಿ ಸುತ್ತಿದ್ದಳು. ಕಡ್ಡಿಗಳನ್ನು ಕ್ರಿಮಿರಹಿತ ಮಾಡಿದ್ದರು. ಕ್ರಿಮಿ ಸತ್ತಿದ್ದವು, ಡಿಎನ್‌ಎ ಉಳಿದಿತ್ತು. ಕ್ರಿಮಿ ಇಲ್ಲದ್ದು ಬೇರೆ, ಡಿಎನ್‌ಎ ಇಲ್ಲದ್ದು ಬೇರೆ ಎಂದು ಅಂತರರಾಷ್ಟ್ರೀಯ ಮಾನದಂಡವೊಂದು ಬಂದದ್ದು 2016ರಲ್ಲಿ.

ಇದನ್ನು ಕೇಳಿ ಡಿಎನ್‌ಎ ಬರೀ ಬೊಗಳೆ ಎಂದು ಎದ್ದುಹೋಗಬೇಡಿ. ನಾನು ಹೇಳುವುದು ಇಷ್ಟು: ‘ಇದು ಯಾರದ್ದು’ ಒಂದು ಪ್ರಶ್ನೆ, ‘ಇದು ಇಲ್ಲಿಗೆ ಹೇಗೆ ಬಂತು’ ಇನ್ನೊಂದು ಪ್ರಶ್ನೆ. ಮೊದಲನೆಯದಕ್ಕೆ ನಮ್ಮ ಯಂತ್ರಗಳು ಉತ್ತರ ಕೊಡುತ್ತವೆ. ಎರಡನೆಯದನ್ನು ಯಂತ್ರದ ಬಾಯಿಗೆ ತುರುಕಬಾರದು. ಕಾನೂನು ಓದುವವರು ಪಾಟಿ ಸವಾಲಿನಲ್ಲಿ ತಜ್ಞರನ್ನು ಮೊದಲನೆಯ ಪ್ರಶ್ನೆಯ ಸುತ್ತ ಬಡಿದಾಡಿಸುತ್ತೀರಿ, ಎರಡನೆಯದನ್ನು ಕೇಳುವುದೇ ಇಲ್ಲ. ನನ್ನ ಅನುಭವ ಇದು.

ಹಳಬರು ಈ ಭೇದ ಬಲ್ಲವರಾಗಿದ್ದರು. 1897ರಲ್ಲಿ ಕೋಲ್ಕತ್ತದಲ್ಲಿ ಬೆರಳಚ್ಚು ಕಚೇರಿ ಶುರುವಾಯಿತು. ಗೆರೆಗಳನ್ನು ವರ್ಗೀಕರಿಸುವ ಲೆಕ್ಕ ಕಟ್ಟಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್, ಹೆಸರು ಮಾತ್ರ ಅವರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯದು. ಆ ದಿನಗಳಲ್ಲೇ ಬಂಗಾಳದ ಜಲ್ಪಾಯ್‌ಗುರಿಯಲ್ಲಿ ಚಹಾ ತೋಟದ ಮ್ಯಾನೇಜರನ ಕತ್ತು ಕುಯ್ದು ಹಣ ದೋಚಿದ ಪ್ರಕರಣ ನಡೆಯಿತು. ಮನೆಯಲ್ಲಿ ಸಿಕ್ಕ ಬಂಗಾಳಿ ಪಂಚಾಂಗದ ಮೇಲೆ ಕಂದು ಬಣ್ಣದ ಕಲೆ, ಅದರಲ್ಲಿ ಒಂದು ಹೆಬ್ಬೆಟ್ಟಿನ ಗುರುತು. ಹಿಂದೆ ಕಳವಿನಲ್ಲಿ ಶಿಕ್ಷೆಯಾಗಿದ್ದ ಹಳೆಯ ಆಳಿನ ಹೆಬ್ಬೆಟ್ಟಿಗೆ ಅದು ಹೊಂದಿತು. ನ್ಯಾಯಾಲಯ ಏನು ಮಾಡಿತು? ಕಳವಿಗೆ ಶಿಕ್ಷೆ ಕೊಟ್ಟಿತು. ಕೊಲೆಯ ಆರೋಪದಿಂದ ಬಿಟ್ಟಿತು. ಹೆಬ್ಬೆಟ್ಟು ಅಲ್ಲಿದ್ದದ್ದಕ್ಕೆ ಸಾಕ್ಷಿ, ಕತ್ತಿ ಹಿಡಿದದ್ದಕ್ಕೆ ಅಲ್ಲ. ಅದೂ ಬ್ರಿಟಿಷ್ ಕಾಲದಲ್ಲಿ, ಸತ್ತವನು ತೋಟದ ಮ್ಯಾನೇಜರನಾಗಿದ್ದಾಗ!

ನಮ್ಮ ಈಗಿನ ಕಾನೂನನ್ನು ಬೇಗ ಮುಗಿಸುತ್ತೇನೆ, ಅದು ನಿಮ್ಮ ಪಠ್ಯದಲ್ಲೇ ಇದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176ನೇ ಕಲಮಿನ ಮೂರನೇ ಉಪಕಲಮು, ಏಳು ವರ್ಷ ಅಥವಾ ಅದಕ್ಕೂ ಹೆಚ್ಚು ಶಿಕ್ಷೆ ಇರುವ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಬೇಕು ಎನ್ನುತ್ತದೆ. ಅದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷದ ಗಡುವು. ತಜ್ಞರ ಅಭಿಪ್ರಾಯಕ್ಕೆ ಸಾಕ್ಷ್ಯ ಅಧಿನಿಯಮದ 39ನೇ ಕಲಮು. ಅಭಿಪ್ರಾಯ ಎನ್ನುವ ಶಬ್ದಕ್ಕೆ ಅಡಿಗೆರೆ ಹಾಕಿಕೊಳ್ಳಿ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಡಿಎನ್‌ಎ ಮಾದರಿಗಳು 48 ಗಂಟೆಯೊಳಗೆ ಪ್ರಯೋಗಾಲಯ ತಲುಪಬೇಕು, ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬ ದಾಖಲೆ ಇರಬೇಕು ಎಂದು ಹೇಳಿತು. ಬೆಳಗಾವಿಯಲ್ಲಿ ಪ್ರಾದೇಶಿಕ ಪ್ರಯೋಗಾಲಯ ಇದೆ, ದೊಡ್ಡದು ಬೆಂಗಳೂರಿನ ಮಡಿವಾಳದಲ್ಲಿ. ಇಲ್ಲಿಂದ ಬೆಂಗಳೂರಿಗೆ ಐನೂರು ಕಿಲೊಮೀಟರ್ ದಾಟುತ್ತದೆ. 48 ಗಂಟೆ ಸಾಕಾಗುತ್ತದೆ, ಯಾರೂ ಅದನ್ನು ಬೀರುವಿನಲ್ಲಿಟ್ಟು ಮರೆಯದಿದ್ದರೆ. ಇನ್ನೂ ಒಂದು ಮಾತು: ಬೆರಳ ಗುರುತಿನ ಮಾದರಿ ಬಹಳ ಸಲ ಮೊದಲ ಪರೀಕ್ಷೆಯಲ್ಲೇ ಖರ್ಚಾಗಿಹೋಗುತ್ತದೆ. ಆರೋಪಿಯ ವಕೀಲರು ಮರುಪರೀಕ್ಷೆ ಕೇಳಿದರೆ ಕೊಡಲು ಏನೂ ಉಳಿದಿರುವುದಿಲ್ಲ. ಅದಕ್ಕೇ ಮೊದಲ ಸಲವೇ ಎಲ್ಲವನ್ನೂ ಬರೆದಿಡಬೇಕು.

ಪ್ರಶ್ನೆಗಳಿಗೆ ಬರೋಣ. ಹಿಂದಿನಿಂದ ಇಳಕಲ್ಲಿನ ಒಬ್ಬ ತಂಗಿ ಕೇಳಿದಳು: ಅವಳ ಅಪ್ಪ ಮಗ್ಗದವರು, ಬೆರಳ ಗೆರೆ ಸವೆದು ರೇಷನ್ ಅಂಗಡಿಯ ಯಂತ್ರ ಹೆಬ್ಬೆಟ್ಟು ತಗೊಳ್ಳುವುದಿಲ್ಲ, ಅಂಥವರ ಡಿಎನ್‌ಎಯೂ ಸಿಗುವುದಿಲ್ಲವೇ ಅಂತ. ಒಳ್ಳೆಯ ಪ್ರಶ್ನೆ. ಗೆರೆ ಬೇರೆ, ಡಿಎನ್‌ಎ ಬೇರೆ. ನೇಕಾರರು, ಗೌಂಡಿಗಳು, ಸುಣ್ಣ ಸಿಮೆಂಟು ಮುಟ್ಟುವವರು, ಇವರ ಬೆರಳಿನ ಮೇಲ್ಪದರ ಸವೆದಿರುತ್ತದೆ. ಗೆರೆಯ ಮೂಲ ಚರ್ಮದ ಒಳಪದರದಲ್ಲಿದೆ, ಕೆಲವು ವಾರ ಕೈಗೆ ವಿಶ್ರಾಂತಿ ಸಿಕ್ಕರೆ ಮತ್ತೆ ಅದೇ ಗೆರೆ ಮೂಡುತ್ತದೆ. ಡಿಎನ್‌ಎಗೆ ಗೆರೆಯೇ ಬೇಡ. ನಿಮ್ಮಪ್ಪ ಎಳೆದ ಲಾಳಿಯ ಮೇಲೆ ಅವರು ಇದ್ದೇ ಇರುತ್ತಾರೆ. ಯಂತ್ರ ಒಪ್ಪದಿದ್ದರೆ ಅದು ಯಂತ್ರದ ದೋಷ.

ಇನ್ನೊಬ್ಬರು ಕೈಗವಸಿನ ಬಗ್ಗೆ ಕೇಳಿದರು. ಕಳ್ಳ ಬಿಸಾಡಿಹೋದ ಕೈಗವಸಿನ ಒಳಮೈ ನಮಗೆ ಹಬ್ಬ, ಬೆವರೆಲ್ಲ ಅಲ್ಲೇ ಇರುತ್ತದೆ. ತನಿಖೆಯವರ ಕೈಗವಸಿನ ಹೊರಮೈ ನಮಗೆ ತಲೆನೋವು. ಅದು ತೊಟ್ಟವನ ಕೈಯನ್ನು ಕಾಯುತ್ತದೆ, ಒಂದು ಸಾಮಾನಿನಿಂದ ಇನ್ನೊಂದಕ್ಕೆ ಡಿಎನ್‌ಎ ಸಾಗಿಸುವುದನ್ನು ತಡೆಯುವುದಿಲ್ಲ. ಪ್ರತಿ ವಸ್ತುವಿಗೂ ಬದಲಿಸಬೇಕು.

ಕೊನೆಗೆ ಹಿರಿಯರೊಬ್ಬರು, ಮನೆಯಲ್ಲಿ ಕಳವಾದರೆ ನಾವೇನು ಮಾಡಬೇಕು ಅಂದಿರಿ. ನಮ್ಮ ಕಡೆ ಕಳವಾದ ಮನೆಗೆ ಪೊಲೀಸರಿಗಿಂತ ಮೊದಲು ಓಣಿಯ ಮಂದಿಯೆಲ್ಲ ಬರುತ್ತಾರೆ. ತಿಜೋರಿ ಬಾಗಿಲು ಹಿಡಿದು, ‘ಇಲ್ಲೇ ಮುರದಾನ್ ನೋಡ್ರಿ’ ಅಂತಾರೆ. ಅವರನ್ನು ಕಟ್ಟೆಯ ಮೇಲೆ ಕೂರಿಸಿ ಚಹಾ ಕೊಡಿ, ಆ ಕೋಣೆಗೆ ಬಿಡಬೇಡಿ. ಕಸ ಗುಡಿಸಬೇಡಿ. ಚೆಲ್ಲಿದ್ದನ್ನು ಎತ್ತಿಡಬೇಡಿ. ಗಾಬರಿಯಲ್ಲಿ ನೀವೇ ಮುಟ್ಟಿದ್ದರೆ ಬಂದ ಅಧಿಕಾರಿಗೆ ಎಲ್ಲೆಲ್ಲಿ ಮುಟ್ಟಿದ್ದೇನೆ ಎಂದು ಹೇಳಿಬಿಡಿ, ಬೆರಳ ಗುರುತು ಮತ್ತು ಲಾಲಾರಸದ ಮಾದರಿ ಕೇಳಿದರೆ ಕೊಡಿ. ಅದು ನಿಮ್ಮ ಮೇಲಿನ ಸಂಶಯ ಅಲ್ಲ, ನಿಮ್ಮನ್ನು ಲೆಕ್ಕದಿಂದ ತೆಗೆಯಲು. ಕಳೆದ ಒಂದು ವಾರದಲ್ಲಿ ಮನೆಗೆ ಬಂದವರ ಹೆಸರನ್ನೂ ಬರೆದಿಡಿ: ಗ್ಯಾಸ್ ತಂದವನು, ನಳ ರಿಪೇರಿ ಮಾಡಿದವನು, ಊಟಕ್ಕೆ ಬಂದ ಬೀಗರು. ಬೀಗರ ಹೆಸರು ಬರೆಯುವುದು ಹೇಗೆ ಅಂತೀರಾ? ಬರೆಯಿರಿ. ಅವರಿಗೆ ತೋರಿಸಬೇಡಿ.